ಸುತ್ತ ಸೆನೆಗಲ್, ನಡುವೆ ಗ್ಯಾಂಬಿಯಾ: ಆ ಸೈನ್ಯ ಯಾರ ಮೇಲೆ?

ಪ್ರಶ್ನೆ: ಗ್ಯಾಂಬಿಯಾ ಅನ್ನೋ ದೇಶದ ಹೆಸರನ್ನು ನಾನು ಮೊದಲು ಕೇಳಿದ್ದು 2022ರಲ್ಲಿ, ಕೆಮ್ಮಿನ ಸಿರಪ್ ಕುಡಿದು ಮಕ್ಕಳು ತೀರಿಕೊಂಡ ಸುದ್ದಿಯಲ್ಲಿ. ಆಮೇಲೆ ಮ್ಯಾಪ್ ತೆಗೆದು ನೋಡಿದರೆ ಸೆನೆಗಲ್ ಹೊಟ್ಟೆಗೆ ಚುಚ್ಚಿದ ದಬ್ಬಳದ ಹಾಗಿದೆ. ಮೂರು ಕಡೆ ಸೆನೆಗಲ್, ಒಂದು ಕಡೆ ಸಮುದ್ರ. ಇಷ್ಟು ಸಣ್ಣ ದೇಶಕ್ಕೂ ಭೂಸೇನೆ, ನೌಕಾಪಡೆ ಎಲ್ಲ ಇದೆಯಂತೆ. ಸೆನೆಗಲ್ ಮನಸ್ಸು ಮಾಡಿದರೆ ಒಂದು ದಿನದ ಕೆಲಸ ಅಲ್ವಾ ಸರ್? ಹಾಗಿದ್ದ ಮೇಲೆ ಸೈನ್ಯ ಇಟ್ಟುಕೊಂಡು ಏನು ಪ್ರಯೋಜನ?

ಉತ್ತರ: ಒಂದು ದಿನವೂ ಬೇಕಾಗಲಿಲ್ಲ. ಇದು ಊಹೆಯಲ್ಲ, ನಡೆದದ್ದು. 2017ರ ಜನವರಿ 19ರ ಸಂಜೆ ಸೆನೆಗಲ್ ಸೈನ್ಯ ನಿಜವಾಗಿಯೂ ಗ್ಯಾಂಬಿಯಾದ ಗಡಿ ದಾಟಿತು. ಅದು ಒಳಗೆ ಬರುತ್ತದೆ ಅಂತ ಊರಿಗೆಲ್ಲ ಗೊತ್ತಾಗಿದ್ದ ಹೊತ್ತಿನಲ್ಲಿ ಗ್ಯಾಂಬಿಯಾದ ಸೇನಾ ಮುಖ್ಯಸ್ಥ ಜನರಲ್ ಉಸ್ಮಾನ್ ಬಾಜಿ ಎಲ್ಲಿದ್ದರು ಗೊತ್ತಾ? ರಾಜಧಾನಿ ಬಾಂಜುಲ್ ಹತ್ತಿರ, ವಿದೇಶಿ ಪ್ರವಾಸಿಗರು ಓಡಾಡುವ ಜಾಗದಲ್ಲಿ ರಾತ್ರಿ ಊಟ ಮುಗಿಸಿ ನಿಂತಿದ್ದರು. ಸುತ್ತ ಸೇರಿದವರಿಗೆ ಅವರು ಹೇಳಿದ್ದಿಷ್ಟು: ಇದು ರಾಜಕಾರಣಿಗಳ ಜಗಳ, ಇಂಥ ದಡ್ಡ ಹೊಡೆದಾಟಕ್ಕೆ ನನ್ನ ಹುಡುಗರನ್ನು ಇಳಿಸಲ್ಲ. ಸೆನೆಗಲ್‌ನವರು ಬಂದೇಬಿಟ್ಟರೆ? ಎರಡೂ ಕೈ ಮೇಲೆತ್ತಿ ತೋರಿಸಿದರು.

ನಗು ಬರುತ್ತೆ, ಗೊತ್ತು. ಆದರೆ ಆ ಸೈನ್ಯದ ಇಡೀ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ನನ್ನ ಕಣ್ಣಿಗೆ ಬಿದ್ದಿಲ್ಲ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ನಿಮ್ಮ ದಬ್ಬಳದ ವಿಷಯ. ಆ ದೇಶ ಅಂದರೆ ಒಂದು ನದಿ ಮತ್ತು ಅದರ ಎರಡು ದಂಡೆ, ಅಷ್ಟೇ. ಉದ್ದ ಮುನ್ನೂರು ಕಿಲೋಮೀಟರ್ ದಾಟುತ್ತದೆ. ಅಗಲ ಜಾಸ್ತಿ ಇರುವ ಕಡೆಯೂ ಸುಮಾರು 50 ಕಿಲೋಮೀಟರ್. ಬ್ರಿಟಿಷರು ನದಿ ಹಿಡಿದುಕೊಂಡರು, ಫ್ರೆಂಚರು ಸುತ್ತಲಿನ ನೆಲ ಹಿಡಿದುಕೊಂಡರು, 1889ರಲ್ಲಿ ಇಬ್ಬರೂ ಕೂತು ಗೆರೆ ಎಳೆದರು. ನದಿಯಲ್ಲಿ ನಿಂತ ಹಡಗಿನಿಂದ ಫಿರಂಗಿ ಗುಂಡು ಎಲ್ಲಿಯವರೆಗೆ ಹೋಯಿತೋ ಅಲ್ಲಿಗೆ ಗಡಿ ಹಾಕಿದರು ಅಂತ ಒಂದು ಕಟ್ಟುಕಥೆ ಇದೆ. ಮ್ಯಾಪ್ ನೋಡಿದರೆ ನಂಬೋಣ ಅನಿಸುತ್ತದೆ. ಗಡಿಯ ಆಚೆಗೂ ಈಚೆಗೂ ಅದೇ ಮಂಡಿಂಕಾ, ವೊಲೋಫ್, ಫುಲಾ, ಜೋಲಾ ಜನ. ಆಡಳಿತ ಭಾಷೆ ಮಾತ್ರ ಅಲ್ಲಿ ಫ್ರೆಂಚ್, ಇಲ್ಲಿ ಇಂಗ್ಲಿಷ್. ಮದುವೆ, ಸಂತೆ, ಮಸೀದಿ ಎಲ್ಲ ಗಡಿ ದಾಟಿಯೇ ನಡೆಯುತ್ತದೆ. ಇಂಥ ಕಡೆ ಯಾರ ಮೇಲೆ ಯುದ್ಧ ಮಾಡೋದು?

ಬ್ರಿಟಿಷರ ಕಾಲದಲ್ಲಿ ಅಲ್ಲಿನ ಹುಡುಗರು ಯುದ್ಧ ಮಾಡಿದ್ದು ಬೇರೆಯವರ ನೆಲದಲ್ಲಿ. ಮೊದಲ ಮಹಾಯುದ್ಧದಲ್ಲಿ ಕ್ಯಾಮರೂನ್, ಪೂರ್ವ ಆಫ್ರಿಕಾ. ಎರಡನೆಯದರಲ್ಲಿ ಬರ್ಮಾ. ಇಲ್ಲಿ ನಮಗೂ ಒಂದು ಎಳೆ ಸಿಗುತ್ತದೆ. 1943ರಲ್ಲಿ 81ನೇ ಪಶ್ಚಿಮ ಆಫ್ರಿಕಾ ಡಿವಿಷನ್ ಭಾರತಕ್ಕೆ ಬಂದಿಳಿಯಿತು, ಅದರಲ್ಲಿ ಗ್ಯಾಂಬಿಯಾ ರೆಜಿಮೆಂಟಿನ ಬೆಟಾಲಿಯನ್ ಕೂಡ ಇತ್ತು. ಅಲ್ಲಿಂದ ಬರ್ಮಾದ ಅರಕಾನ್ ಪ್ರಾಂತ್ಯದ ಕಲಾದಾನ್ ಕಣಿವೆಗೆ. ಜೀಪು ಹೋಗುವಂಥ ಸುಮಾರು 75 ಮೈಲಿ ದಾರಿಯನ್ನು ಗುಡ್ಡ ಕಡಿದು ತಾವೇ ಮಾಡಿಕೊಂಡು ಒಳಗೆ ನುಗ್ಗಿದರು. ಆಮೇಲೆ ಊಟ, ಮದ್ದುಗುಂಡು ಎಲ್ಲ ವಿಮಾನದಿಂದ ಕೆಳಗೆ ಬೀಳಬೇಕು. ಬಿದ್ದದ್ದನ್ನು ಆಳುಗಳು ತಲೆ ಮೇಲೆ ಹೊತ್ತು ನಡೆಯಬೇಕು. ನಮ್ಮಲ್ಲಿ ಬರ್ಮಾ ಯುದ್ಧ ಅಂದರೆ ಜಪಾನ್, ಬ್ರಿಟನ್, ಆಜಾದ್ ಹಿಂದ್ ಫೌಜ್ ಅಂತ ಮೂರು ಹೆಸರು ಹೇಳಿ ಮುಗಿಸುತ್ತೇವೆ. ಕಡಲೆಕಾಯಿ ಹೊಲ ಬಿಟ್ಟು ಅಷ್ಟು ದೂರ ಬಂದ ಈ ಹುಡುಗರ ನೆನಪು ಯಾರಿಗೂ ಇಲ್ಲ. ಯುದ್ಧ ಮುಗಿಯಿತು, ಆಮೇಲೆ ಬ್ರಿಟಿಷರು ರೆಜಿಮೆಂಟನ್ನೇ ಮುಚ್ಚಿಬಿಟ್ಟರು.

1965ರ ಫೆಬ್ರವರಿ 18ರಂದು ಸ್ವಾತಂತ್ರ್ಯ ಬಂತು. ಆಗ ಅಧಿಕಾರದಲ್ಲಿದ್ದ ದಾವ್ದಾ ಜವಾರಾ ಓದಿನಿಂದ ಪಶುವೈದ್ಯರು. ಅವರೂ ನಿಮ್ಮ ಲೆಕ್ಕವನ್ನೇ ಹಾಕಿದರು: ಸೆನೆಗಲ್ ಜೊತೆ ಕಾದಾಡಿ ಗೆಲ್ಲೋದು ಆಗದ ಮಾತು, ನೆಲದ ಮೇಲೆ ಬೇರೆ ಯಾರು ಬರಬೇಕಾದರೂ ಸೆನೆಗಲ್ ದಾಟಿಯೇ ಬರಬೇಕು. ಸೈನ್ಯಕ್ಕೆ ದುಡ್ಡು ಯಾಕೆ? ಸೆನೆಗಲ್ ಜೊತೆ ರಕ್ಷಣಾ ಒಪ್ಪಂದ ಮಾಡಿಕೊಂಡರು. ಒಳಗಿನ ಶಾಂತಿಗೆ ಅಂತ ಫೀಲ್ಡ್ ಫೋರ್ಸ್ ಅನ್ನೋ ಕೆಲವು ನೂರು ಜನರ ಸಶಸ್ತ್ರ ಪೊಲೀಸ್ ಪಡೆ ಇತ್ತು. ಅಷ್ಟೇ. ಹದಿನೈದು ವರ್ಷ ಅದು ಚೆನ್ನಾಗಿಯೇ ನಡೆಯಿತು. ಅಕ್ಕಪಕ್ಕದ ದೇಶಗಳಲ್ಲಿ ಕರ್ನಲ್‌ಗಳು ಒಬ್ಬರ ಮೇಲೊಬ್ಬರು ಅಧ್ಯಕ್ಷರಾಗುತ್ತಿದ್ದಾಗ ಇಲ್ಲಿ ಚುನಾವಣೆ ನಡೆಯುತ್ತಿತ್ತು.

1980ರ ಅಕ್ಟೋಬರಿನಲ್ಲಿ ಮೊದಲ ಬಿರುಕು ಕಾಣಿಸಿತು. ಫೀಲ್ಡ್ ಫೋರ್ಸಿನ ಉಪಮುಖ್ಯಸ್ಥರನ್ನು ಅದೇ ಪಡೆಯವನೊಬ್ಬ ಗುಂಡಿಟ್ಟು ಕೊಂದ. ಮುಂದಿನ ವರ್ಷ ಜುಲೈನಲ್ಲಿ ಜವಾರಾ ಲಂಡನ್ನಿಗೆ ಹೋದರು. ರಾಜಕುಮಾರ ಚಾರ್ಲ್ಸ್ ಮತ್ತು ಡಯಾನಾ ಮದುವೆ. ಮದುವೆ 29ಕ್ಕೆ. 30ರ ಬೆಳಗಿನ ಜಾವ ಫೀಲ್ಡ್ ಫೋರ್ಸಿನ ಒಂದು ಗುಂಪು ಶಸ್ತ್ರಾಗಾರಕ್ಕೂ ರೇಡಿಯೊ ಕೇಂದ್ರಕ್ಕೂ ನುಗ್ಗಿತು. ಮುಂದಾಳು ಕುಕೋಯ್ ಸಾಂಬಾ ಸನ್ಯಾಂಗ್ ಸಿಪಾಯಿಯೇ ಅಲ್ಲ. 1977ರ ಚುನಾವಣೆಯಲ್ಲಿ ನಿಂತು ಸೋತಿದ್ದ ಯುವಕ. ಜೈಲಿನ ಬಾಗಿಲು ತೆಗೆದರು, ಕೈದಿಗಳ ಕೈಗೂ ಬಂದೂಕು ಕೊಟ್ಟರು. ಆಮೇಲೆ ಯಾರು ಯಾರಿಗೆ ಗುಂಡು ಹೊಡೆಯುತ್ತಿದ್ದಾರೆ ಅನ್ನೋದೇ ಗೊತ್ತಾಗಲಿಲ್ಲ.

ಜವಾರಾ ಲಂಡನ್ನಿನಿಂದ ನೇರ ಸೆನೆಗಲ್ ರಾಜಧಾನಿ ಡಾಕರ್‌ಗೆ ಹಾರಿ, ಒಪ್ಪಂದ ನೆನಪಿಸಿ ಸಹಾಯ ಕೇಳಿದರು. ಸೆನೆಗಲ್ ಸಾವಿರಾರು ಸೈನಿಕರನ್ನು ಕಳಿಸಿತು. ದಂಗೆಯವರು ಜವಾರಾ ಹೆಂಡತಿಯನ್ನೂ ಮಕ್ಕಳನ್ನೂ ಒತ್ತೆ ಇಟ್ಟುಕೊಂಡಿದ್ದರು. ಬ್ರಿಟನ್ ತನ್ನ ಎಸ್‌ಎಎಸ್ ಕಮಾಂಡೊಗಳಲ್ಲಿ ಬರೀ ಮೂರು ಜನರನ್ನು ಕಳಿಸಿತ್ತು. ಆಸ್ಪತ್ರೆಯಲ್ಲಿದ್ದ ಅವರನ್ನು ಹೊರಗೆ ತಂದದ್ದು ಆ ಮೂವರು. ಸಿನಿಮಾದಲ್ಲಿ ತೋರಿಸಿದರೆ ಸುಮ್ನೆ ಬಿಡ್ತಾರೆ ಅಂದುಕೊಳ್ಳುತ್ತೇವೆ, ಆದರೆ ಇದು ನಡೆದದ್ದು. ಒಂದು ವಾರದಲ್ಲಿ ದಂಗೆ ಅಡಗಿತು. ಅಷ್ಟರಲ್ಲಿ ಸತ್ತವರು ಕನಿಷ್ಠ 500 ಜನ. ಅಷ್ಟು ಚಿಕ್ಕ ದೇಶಕ್ಕೆ ಇದು ಎಷ್ಟು ದೊಡ್ಡ ಪೆಟ್ಟು ಅಂತ ನೀವೇ ಯೋಚಿಸಿ.

ಗಮನಿಸಿದಿರಾ? ದೇಶಕ್ಕೆ ಅಪಾಯ ಬಂದದ್ದು ಗಡಿಯಿಂದಲ್ಲ, ತನ್ನದೇ ಶಸ್ತ್ರಾಗಾರದಿಂದ. ಕಾಪಾಡಿದ್ದು ಪಕ್ಕದ ಮನೆಯವನು. ಅವನು ಸುಮ್ಮನೆ ಕಾಪಾಡುತ್ತಾನಾ? 1982ರ ಫೆಬ್ರವರಿಯಿಂದ ಎರಡೂ ದೇಶ ಸೇರಿ ಸೆನೆಗಾಂಬಿಯಾ ಅನ್ನೋ ಒಕ್ಕೂಟ ಆಯಿತು. ಸೆನೆಗಲ್ ಅಧ್ಯಕ್ಷರೇ ಅದರ ಅಧ್ಯಕ್ಷರು, ಜವಾರಾ ಉಪಾಧ್ಯಕ್ಷರು. ಗ್ಯಾಂಬಿಯಾದವರಿಗೆ ಮದುವೆ ಬೇಡ, ಬರೀ ನೆಂಟಸ್ತನ ಸಾಕಾಗಿತ್ತು. 1989ರಲ್ಲಿ ಸೆನೆಗಲ್ ತನ್ನ ಸೈನಿಕರನ್ನು ವಾಪಸ್ ಕರೆಸಿಕೊಂಡಿತು, ಒಕ್ಕೂಟ ಮುರಿದುಬಿತ್ತು.

ಈ ನಡುವೆ, 1980ರ ದಶಕದಲ್ಲಿ, ಗ್ಯಾಂಬಿಯಾ ತನ್ನದೇ ಸೈನ್ಯ ಕಟ್ಟಿಕೊಂಡಿತು. ತರಬೇತಿ ಬ್ರಿಟಿಷರದ್ದು. ಪಕ್ಕದಲ್ಲೇ ಜೆಂಡಾರ್ಮರಿ ಅಂತ ಇನ್ನೊಂದು ಸಶಸ್ತ್ರ ಪಡೆ, ಅದಕ್ಕೆ ಸೆನೆಗಲ್ ಮಾದರಿ. ಬಾಲ್ಯದಿಂದಲೇ ಇಬ್ಬರು ಮೇಷ್ಟ್ರು, ಎರಡು ಪಾಠ.

ನಿಜವಾದ ಎಡವಟ್ಟು ಶುರುವಾದದ್ದು ಸಂಬಳದ ವಿಷಯದಲ್ಲಿ. ಲೈಬೀರಿಯಾದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಅಲ್ಲಿಗೆ ಶಾಂತಿಪಡೆ ಕಳಿಸುವ ತೀರ್ಮಾನವನ್ನು ಪಶ್ಚಿಮ ಆಫ್ರಿಕಾ ದೇಶಗಳ ಕೂಟ ಇಕೋವಾಸ್ 1990ರ ಆಗಸ್ಟಿನಲ್ಲಿ ತೆಗೆದುಕೊಂಡದ್ದು ಬಾಂಜುಲ್‌ನಲ್ಲೇ. ಆಗ ಕೂಟದ ಅಧ್ಯಕ್ಷತೆ ಜವಾರಾ ಅವರದ್ದು. ಹಾಗಾಗಿ ತಾವೂ ಒಂದಷ್ಟು ಸೈನಿಕರನ್ನು ಕಳಿಸಿದರು. ವಾಪಸ್ ಬಂದ ಹುಡುಗರಿಗೆ ಭತ್ಯೆ ಬರಲಿಲ್ಲ. 1991ರ ಜೂನ್‌ನಲ್ಲಿ ಅವರು ಅಧ್ಯಕ್ಷರ ಮನೆ ಕಡೆಗೇ ನಡೆದರು. ಜವಾರಾ ಸೇನಾ ಮುಖ್ಯಸ್ಥರನ್ನು ಬದಲಾಯಿಸಿದರು. ಸ್ವಲ್ಪ ದಿನದಲ್ಲಿ ನೈಜೀರಿಯಾದಿಂದ ಅಧಿಕಾರಿಗಳನ್ನು ಕರೆಸಿ ಮೇಲಿನ ಕುರ್ಚಿಗಳಲ್ಲಿ ಕೂರಿಸಿದರು. ತಮ್ಮವರನ್ನೇ ನಂಬದ ಯಜಮಾನ ಹೊರಗಿನ ಮೇಸ್ತ್ರಿಯನ್ನು ತಂದ ಹಾಗೆ. ಕೆಳಗಿನ ಲೆಫ್ಟಿನೆಂಟ್‌ಗಳಿಗೆ ಹೊಟ್ಟೆ ಉರಿಯಿತು. ಬ್ಯಾರಕ್‌ನಲ್ಲಿ ಊಟ ಸರಿಯಿಲ್ಲ, ವಸತಿ ಸರಿಯಿಲ್ಲ, ಬಡ್ತಿ ಇಲ್ಲ, ಮೇಲೆ ಪರದೇಶಿ ಸಾಹೇಬರು.

1994ರ ಜುಲೈ 22, ಶುಕ್ರವಾರ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬಾಂಜುಲ್ ಒಂದು ದ್ವೀಪ. ಮುಖ್ಯ ನೆಲದಿಂದ ಅಲ್ಲಿಗೆ ರಸ್ತೆಯಲ್ಲಿ ಹೋಗಬೇಕಾದರೆ ಡೆಂಟನ್ ಸೇತುವೆ ದಾಟಲೇಬೇಕು. ಅವತ್ತು ಅಮೆರಿಕದ ಒಂದು ಯುದ್ಧನೌಕೆ ಬಾಂಜುಲ್ ಬಂದರಿನಲ್ಲಿತ್ತು, ಎರಡೂ ಸೈನ್ಯ ಸೇರಿ ಕವಾಯತು ಮಾಡುವುದು ಅಂತ ಮೊದಲೇ ಗೊತ್ತಾಗಿತ್ತು. ಹಾಗಾಗಿ ಬೆಳಿಗ್ಗೆ ಯುಂಡುಂ ಬ್ಯಾರಕ್‌ನಿಂದ ಬಂದೂಕು ಹಿಡಿದ ಸಿಪಾಯಿಗಳು ಹೊರಟಾಗ ನೋಡಿದವರಿಗೆ ಅನುಮಾನ ಬರಲಿಲ್ಲ. ಓ, ಕವಾಯತಿಗೆ ಹೋಗ್ತಿದ್ದಾರೆ ಅಂದುಕೊಂಡರು. ಸೇತುವೆ ಹತ್ತಿರ ತಡೆಯಬೇಕಿದ್ದ ಸಶಸ್ತ್ರ ಪೊಲೀಸರು ಗುಂಡು ಹಾರಿಸದೆ ದಾರಿ ಬಿಟ್ಟರು. ಜವಾರಾ ಮನೆಯವರ ಜೊತೆ ಹೋಗಿ ಆ ಅಮೆರಿಕನ್ ಹಡಗನ್ನೇ ಹತ್ತಿದರು. ಹಡಗು ಅವರನ್ನು ಡಾಕರ್‌ಗೆ ಬಿಟ್ಟುಬಂತು. ಒಂದು ಹನಿ ರಕ್ತ ಬೀಳಲಿಲ್ಲ. ಸಂಜೆ ಹೊತ್ತಿಗೆ ದೇಶದ ಯಜಮಾನ 29 ವರ್ಷದ ಲೆಫ್ಟಿನೆಂಟ್ ಯಾಹ್ಯಾ ಜಮ್ಮೆ. ಈತ ಹಿಂದೆ ಜವಾರಾ ಅವರ ಕಾವಲಿನಲ್ಲಿದ್ದವನು.

ಈ ಸಲ ಸೆನೆಗಲ್ ಬರಲಿಲ್ಲ. ಒಕ್ಕೂಟ ಮುರಿದ ಮೇಲೆ ಹಳೆಯ ಬಿಸಿ ಇರಲಿಲ್ಲ.

ಸೈನ್ಯದ ಬಲದಿಂದ ಬಂದವನಿಗೆ ಸೈನ್ಯ ಅಂದರೇ ಹೆದರಿಕೆ. ಜಮ್ಮೆ ವಿಷಯದಲ್ಲಿ ಇದನ್ನು ಮರೆಯಬಾರದು. ನಾಲ್ಕೇ ತಿಂಗಳಲ್ಲಿ, ನವೆಂಬರ್ 11ರಂದು, ಪ್ರತಿದಂಗೆಗೆ ಸಂಚು ಮಾಡಿದರು ಅನ್ನೋ ಆಪಾದನೆ ಮೇಲೆ ಸಿಪಾಯಿಗಳನ್ನೇ ಸಿಪಾಯಿಗಳು ಕೊಂದರು. ಜೊತೆಗೆ ದಂಗೆ ಮಾಡಿದ ಗೆಳೆಯರಿಬ್ಬರನ್ನು ಮುಂದಿನ ಜನವರಿಯಲ್ಲಿ ಜೈಲಿಗೆ ಹಾಕಿಸಿದ. ಅವರಲ್ಲಿ ಒಬ್ಬ ಅಲ್ಲೇ ಸತ್ತ. ಆಮೇಲೆ 22 ವರ್ಷ ಇದೇ ಆಟ. ಇವತ್ತು ಬಡ್ತಿ, ನಾಳೆ ವಜಾ, ನಾಡಿದ್ದು ಮತ್ತೆ ಬಡ್ತಿ. ಸೈನ್ಯದ ದೊಡ್ಡ ಭಾಗ ಬಡವಾಗಿಯೇ ಇತ್ತು. ಅಧ್ಯಕ್ಷರ ಮನೆ ಕಾಯುವ ಪಡೆ ಮಾತ್ರ ಕೊಬ್ಬಿತು. ಅದರೊಳಗಿಂದ ಜಂಗ್ಲರ್ಸ್ ಅನ್ನೋ ಒಂದು ಚಿಕ್ಕ ಗುಂಪು ಹುಟ್ಟಿತು. ಅದಕ್ಕೆ ಕೆಲಸ ಹೇಳುತ್ತಿದ್ದುದು ನೇರ ಮೇಲಿನಿಂದ. 2004ರ ಡಿಸೆಂಬರ್‌ನಲ್ಲಿ ಪತ್ರಕರ್ತ ದೇಯ್ದಾ ಹೈದರಾ ಕೊಲೆ, 2005ರಲ್ಲಿ ಯುರೋಪಿಗೆ ಹೊರಟಿದ್ದ ಐವತ್ತಕ್ಕೂ ಹೆಚ್ಚು ವಲಸಿಗರ ಕೊಲೆ. ಆ ವಲಸಿಗರಲ್ಲಿ ಹೆಚ್ಚಿನವರು ಘಾನಾದವರು. ಇದೆಲ್ಲ ಆ ಗುಂಪಿನ ಲೆಕ್ಕಕ್ಕೆ ಬಿತ್ತು.

ಇವೆಲ್ಲ ನಮಗೆ ಗೊತ್ತಾದದ್ದು ಆಮೇಲೆ ಕೂತ ಸತ್ಯಶೋಧನಾ ಆಯೋಗದಿಂದ. 2019ರ ಜನವರಿಯಿಂದ ವಿಚಾರಣೆ ನಡೆಯಿತು, ಅದನ್ನು ನೇರ ಪ್ರಸಾರ ಮಾಡಿದರು. ಟ್ಯಾಕ್ಸಿಯಲ್ಲಿ, ಅಂಗಡಿಯಲ್ಲಿ, ಮನೆಯಲ್ಲಿ ಎಲ್ಲ ಕಡೆ ಅದೇ. ಜುಲೈನಲ್ಲಿ ಜಂಗ್ಲರ್ಸ್ ಪಡೆಯವರೇ ಬಂದು ಕೂತರು. ಹೈದರಾ ಮೇಲೆ ಗುಂಡು ಹಾರಿಸಿದವರಲ್ಲಿ ನಾನೂ ಒಬ್ಬ, ಅದಕ್ಕೆ ಹಣ ಸಿಕ್ಕಿತು ಅಂತ ಒಬ್ಬ ಸಿಪಾಯಿ ಕ್ಯಾಮೆರಾ ಮುಂದೆ ಹೇಳಿದ. ಮನೆಯಲ್ಲಿ ಕೂತು ನೋಡುತ್ತಿದ್ದವರ ಸ್ಥಿತಿ ಹೇಗಿರಬೇಕು?

ಜಮ್ಮೆಯನ್ನು ಬಂದೂಕಿನಿಂದ ಇಳಿಸಲು ನೋಡಿದವರೂ ಇದ್ದರು. 2014ರ ಡಿಸೆಂಬರ್ 30ರ ಬೆಳಗಿನ ಜಾವ ಹೊರದೇಶದಲ್ಲಿ ನೆಲೆಸಿದ್ದ ಗ್ಯಾಂಬಿಯಾದವರ ಒಂದು ಸಣ್ಣ ಗುಂಪು ಅಧ್ಯಕ್ಷರ ಮನೆಗೆ ನುಗ್ಗಿತು. ಮುಂದಾಳು ಲಾಮಿನ್ ಸನ್ನೆ, ಹಿಂದೆ ಅದೇ ಮನೆಯ ಕಾವಲು ಪಡೆಗೆ ಮುಖ್ಯಸ್ಥನಾಗಿದ್ದವ. ಅಮೆರಿಕದಿಂದ ಊರಿಗೆ ಹಳೇ ಬಟ್ಟೆ ಕಳಿಸುವ ಡ್ರಮ್ಮುಗಳಲ್ಲಿ, ಬಟ್ಟೆಯ ಅಡಿಯಲ್ಲಿ ಬಂದೂಕು ಮುಚ್ಚಿ ಹಡಗಿಗೆ ಹಾಕಿದ್ದರು. ಒಳಗಿನ ಕಾವಲುಗಾರರು ಹೊಡೆದಾಡದೆ ಜೊತೆಗೂಡುತ್ತಾರೆ ಅನ್ನೋ ನಂಬಿಕೆ. ಅವರು ಹೊಡೆದಾಡಿದರು. ಸನ್ನೆ ಅಲ್ಲೇ ಸತ್ತ.

ಕೊನೆಗೆ ಜಮ್ಮೆಯನ್ನು ಕೆಡವಿದ್ದು ಗೋಲಿ. ಹೌದು, ಮಕ್ಕಳು ಆಡುವ ಗಾಜಿನ ಗೋಲಿ. ಗ್ಯಾಂಬಿಯಾದಲ್ಲಿ ಓಟು ಹಾಕೋದು ಹಾಗೆ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಡ್ರಮ್ಮು, ಅವರ ಪಕ್ಷದ ಬಣ್ಣ, ಫೋಟೊ. ಕೊಳವೆಯೊಳಗೆ ಗೋಲಿ ಬಿಟ್ಟರೆ ಒಳಗಿನ ಗಂಟೆ ಟಣ್ ಅನ್ನುತ್ತದೆ. ಎರಡು ಸಲ ಟಣ್ ಅಂದರೆ ಹೊರಗೆ ಕೂತವರಿಗೆ ಕಳ್ಳ ಓಟು ಅಂತ ಗೊತ್ತಾಗುತ್ತದೆ. 2016ರ ಡಿಸೆಂಬರ್ 1ರಂದು ವಿರೋಧ ಪಕ್ಷಗಳ ಅಭ್ಯರ್ಥಿ ಆದಾಮ ಬ್ಯಾರೊ ಗೆದ್ದರು. ಜಮ್ಮೆ ಟಿವಿಯಲ್ಲಿ ಸೋಲು ಒಪ್ಪಿಕೊಂಡ, ಒಂದು ವಾರ ಕಳೆದು ಒಪ್ಪಲ್ಲ ಅಂದ. ಸೆನೆಗಲ್ ಸೈನ್ಯ ಗಡಿ ದಾಟಿದ ಆ ಜನವರಿ 19ರಂದೇ ಬ್ಯಾರೊ ಡಾಕರ್‌ನಲ್ಲಿರುವ ಗ್ಯಾಂಬಿಯಾ ರಾಯಭಾರ ಕಚೇರಿಯಲ್ಲಿ ಪ್ರಮಾಣವಚನ ತೆಗೆದುಕೊಳ್ಳಬೇಕಾಯಿತು. ಅದಕ್ಕೆ ಮುಂಚೆ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಸೆನೆಗಲ್‌ಗೆ ಹೊರಟುಹೋಗಿದ್ದರು. ಯುದ್ಧ ಬಂದೇಬಿಟ್ಟಿತು ಅಂತ ಎಲ್ಲರಿಗೂ ಅನಿಸಿತ್ತು.

ಇನ್ನು ನಮ್ಮ ಬಾಜಿ ಸಾಹೇಬರು. ಅವರನ್ನು ನಾನು ಹೀರೊ ಮಾಡುತ್ತಿಲ್ಲ. ಚುನಾವಣೆ ಆದ ಕೂಡಲೇ ಅವರು ತಮಗೆ ಫೋನ್ ಮಾಡಿ ಬೆಂಬಲ ಹೇಳಿದ್ದರು ಅಂತ ಬ್ಯಾರೊ ಹೇಳಿದ್ದರು. ಜನವರಿ ಮೊದಲ ವಾರ ಅದೇ ಬಾಜಿ, ಸೈನ್ಯ ಜಮ್ಮೆಗೆ ನಿಷ್ಠ ಅಂತ ಪತ್ರಿಕೆಯಲ್ಲಿ ಪತ್ರ ಹಾಕಿಸಿದರು. ಎರಡು ವಾರ ಕಳೆಯುವಷ್ಟರಲ್ಲಿ ಕೈ ಮೇಲಕ್ಕೆ! ಗಾಳಿ ಬಂದ ಕಡೆ ತೂರಿಕೊಂಡರು ಅನ್ನಬಹುದು. ಅನ್ನಿ, ತಪ್ಪಿಲ್ಲ. ಸಮುದ್ರದಲ್ಲಿ ನೈಜೀರಿಯಾದ ಯುದ್ಧನೌಕೆ, ಆಕಾಶದಲ್ಲಿ ಅದರ ವಿಮಾನ, ಗಡಿಯಲ್ಲಿ ಸೆನೆಗಲ್. ಗ್ಯಾಂಬಿಯಾದ ಕೈಯಲ್ಲಿ ಎರಡು ಮೂರು ಸಾವಿರ ಸಿಪಾಯಿಗಳು. ಹೊಡೆದಾಡಿದ್ದರೂ ಫಲ ಅದೇ, ನಡುವೆ ಒಂದಷ್ಟು ಸಾವಿರ ಹೆಣ ಮಾತ್ರ. ಅವತ್ತು ಆ ಲೆಕ್ಕ ಹಾಕಿದ ಮನುಷ್ಯ ಸೈನ್ಯದ ತುದಿಯಲ್ಲಿದ್ದದ್ದು ಗ್ಯಾಂಬಿಯಾದ ಪುಣ್ಯ. ಜನವರಿ 21ರ ರಾತ್ರಿ ಜಮ್ಮೆ ವಿಮಾನ ಹತ್ತಿ ಈಕ್ವಟೋರಿಯಲ್ ಗಿನಿಗೆ ಹೊರಟ.

ಆಮೇಲೆ ಏನಾಯಿತು ಅಂತೀರಾ? 1981ರಲ್ಲಿ ಆದದ್ದೇ. ಹೊಸ ಅಧ್ಯಕ್ಷರಿಗೆ ತಮ್ಮ ಸೈನ್ಯದ ಮೇಲೆ ನಂಬಿಕೆ ಇರಲಿಲ್ಲ. ಜಮ್ಮೆಯನ್ನು ಇಳಿಸಲು ಬಂದಿದ್ದ ಇಕೋವಾಸ್ ಪಡೆ ಅಲ್ಲೇ ಉಳಿಯಿತು, ಸೆನೆಗಲ್, ನೈಜೀರಿಯಾ, ಘಾನಾದ ಸೈನಿಕರು. ಕೆಲವು ತಿಂಗಳು ಅಂತ ಬಂದವರು ವರ್ಷಗಟ್ಟಲೆ ಇದ್ದಾರೆ. ಅಧ್ಯಕ್ಷರ ಕಾವಲಿನಲ್ಲೂ ಸೆನೆಗಲ್‌ನವರು. ಜಮ್ಮೆಯ ಹುಟ್ಟೂರು ಕನಿಲಾಯ್ ಇರುವ ಫೋನಿ ಕಡೆ ಜನರಿಗೆ ಇದು ಸ್ವಲ್ಪವೂ ಹಿಡಿಸುವುದಿಲ್ಲ. 2017ರ ಜೂನ್‌ನಲ್ಲಿ ಅಲ್ಲಿ ಪ್ರತಿಭಟನೆ ನಡೆದು ಒಬ್ಬ ಸತ್ತ. ಫೋನಿಗೆ ಅಂಟಿಕೊಂಡೇ ಸೆನೆಗಲ್‌ನ ಕಾಸಮಾನ್ಸ್ ಇದೆ. ಅಲ್ಲಿ ಪ್ರತ್ಯೇಕ ದೇಶ ಬೇಕು ಅನ್ನೋ ಗುಂಪು 1982ರಿಂದ ಬಂದೂಕು ಹಿಡಿದಿದೆ. ಅಂದರೆ ಸೆನೆಗಲ್ ಸೈನ್ಯ ಗ್ಯಾಂಬಿಯಾದಲ್ಲಿ ಇರೋದಕ್ಕೆ ನೆರೆಯವನ ಮೇಲಿನ ಪ್ರೀತಿ ಒಂದೇ ಕಾರಣ ಅಲ್ಲ, ತನ್ನ ಹಿತ್ತಿಲ ಬೇಲಿಯನ್ನೂ ಕಾಯುತ್ತಿದೆ. 2022ರ ಡಿಸೆಂಬರಿನಲ್ಲಿ ಸೈನ್ಯದೊಳಗೆ ಮತ್ತೊಂದು ದಂಗೆಯ ಸಂಚು ಹಿಡಿದೆವು ಅಂತ ಸರ್ಕಾರ ಹೇಳಿತು. ಮುಖ್ಯ ಆರೋಪಿ ನೌಕಾಪಡೆಯ ಲ್ಯಾನ್ಸ್ ಕಾರ್ಪೊರಲ್, ಮೆಟ್ಟಿಲಲ್ಲಿ ಹೆಚ್ಚುಕಡಿಮೆ ಕೆಳಗಿನವನು.

ಜಂಗ್ಲರ್ಸ್ ಲೆಕ್ಕ ಮಾತ್ರ ನಿಧಾನಕ್ಕೆ ಚುಕ್ತಾ ಆಗುತ್ತಿದೆ, ಅದೂ ಹೊರದೇಶಗಳ ಕೋರ್ಟುಗಳಲ್ಲಿ. ಆ ಗುಂಪಿನ ಚಾಲಕನಾಗಿದ್ದವನಿಗೆ 2023ರಲ್ಲಿ ಜರ್ಮನಿಯಲ್ಲಿ ಜೀವಾವಧಿ ಆಯಿತು. ಜಮ್ಮೆಯ ಗೃಹಮಂತ್ರಿ ಉಸ್ಮಾನ್ ಸೊಂಕೊಗೆ 2024ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ 20 ವರ್ಷ. ಇನ್ನೊಬ್ಬನನ್ನು 2025ರಲ್ಲಿ ಅಮೆರಿಕದ ಕೋರ್ಟು ತಪ್ಪಿತಸ್ಥ ಅಂದಿತು.

ಇಷ್ಟೆಲ್ಲ ಹೇಳಿದ ಮೇಲೂ ನೀವು ಕೇಳಿದ್ದಕ್ಕೆ ಒಂದು ಬಾಕಿ ಉಳಿದಿದೆ: ಪ್ರಯೋಜನ ಏನು? ನನ್ನನ್ನು ಕೇಳಿದರೆ ಭೂಸೇನೆಗಿಂತ ನೌಕಾಪಡೆ ನೋಡಿ ಅಂತೀನಿ. ಕರಾವಳಿ ಬರೀ 80 ಕಿಲೋಮೀಟರ್, ಆದರೆ ಮೀನು ದಂಡಿಯಾಗಿದೆ. ಬಡವರ ತಟ್ಟೆಗೆ ಬೀಳುವ ಬೊಂಗಾ ಮೀನು ಅಲ್ಲಿಯದೇ. ಪರದೇಶಿ ಟ್ರಾಲರ್‌ಗಳು ರಾತ್ರಿ ಹೊತ್ತು ದಡದ ಹತ್ತಿರ ಬಂದು, ಮರದ ದೋಣಿಯವರ ಬಲೆಗಳನ್ನೂ ಹರಿದುಕೊಂಡು ಬಾಚುತ್ತವೆ. ನೌಕಾಪಡೆಯ ಹತ್ತಿರ ಇರೋದು ಬೆರಳೆಣಿಕೆಯ ಗಸ್ತು ದೋಣಿಗಳು. 2019ರಲ್ಲಿ ಸೀ ಶೆಫರ್ಡ್ ಅನ್ನೋ ಸಂಸ್ಥೆ ತನ್ನ ಹಡಗು ಕೊಟ್ಟಿತು, ಮೇಲೆ ಗ್ಯಾಂಬಿಯಾದ ನೌಕಾ ಸೈನಿಕರು ಹತ್ತಿದರು, ಟ್ರಾಲರ್‌ಗಳನ್ನು ಹಿಡಿದು ಬಾಂಜುಲ್ ಬಂದರಿಗೆ ಎಳೆದು ತಂದರು. ಹಡಗು ಬೇರೆಯವರದ್ದು, ಹತ್ತಿ ಹಿಡಿಯುವ ಅಧಿಕಾರ ಮಾತ್ರ ಸಮವಸ್ತ್ರ ತೊಟ್ಟ ಈ ಹುಡುಗರದ್ದು. ಅದನ್ನು ಸೆನೆಗಲ್ ಬಂದು ಮಾಡಿಕೊಡೋಕ್ಕಾಗಲ್ಲ.